ಎಲೆ ಗುರುತಿನ ಬೀದಿ

ನಮ್ಮ ಬೀದಿಯ ವರ್ತಕರ ಸಂಘದ ನಿಯಮಾವಳಿಯ ಪ್ರಕಾರ, ಅಂಗಡಿಯೊಳಗೆ ಕಾಲಿಟ್ಟ ಗ್ರಾಹಕರಿಗೆ ‘ನೀವು ಹುಡುಕುತ್ತಿರುವ ಅಂಗಡಿ ಇದಲ್ಲ’ ಎಂದು ಹೇಳುವುದು ಶಿಸ್ತುಕ್ರಮಕ್ಕೆ ಒಳಪಡತಕ್ಕ ಅಪರಾಧವಾಗಿರುತ್ತದೆ. ಈ ನಿಯಮದ ಕರಡು ಬರೆದವನು ಸಂಘದ ಕಾರ್ಯದರ್ಶಿಯಾದ ನಾನೇ. ನಾನು ಮೂಲತಃ ಹಾಸಿಗೆ ವ್ಯಾಪಾರಿ. ಈಗ ಹಲ್ಲುನೋವಿನವರನ್ನೂ ನೋಡುತ್ತೇನೆ. ಇದು ಹೇಗಾಯಿತು ಎಂದು ಕೇಳುವವರು ಬೀದಿಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದ, ಹೊರಗಿನವರ ಅವಗಾಹನೆಗಾಗಿ ದಾಖಲಿಸುತ್ತಿದ್ದೇನೆ.

ರಸ್ತೆ ಅಗಲ ಮಾಡುವ ಕಾಮಗಾರಿಯಲ್ಲಿ ನಮ್ಮೆಲ್ಲರ ಹಳೆಯ ಬೋರ್ಡುಗಳು ಇಳಿದವು. ನನ್ನ ಬೋರ್ಡಿನಲ್ಲಿ ‘ಹಾಸಿಗೆ, ದಿಂಬು’ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಮೀಸೆಯ ಗಂಡಸೊಬ್ಬ ಬಾಯಿ ತೆರೆದು ನಿದ್ದೆ ಹೋಗಿರುವ ಚಿತ್ರವಿತ್ತು. ಅದನ್ನು ನೋಡಿದ ಯಾರಿಗೂ ನಾನು ಏನು ಮಾರುತ್ತೇನೆಂಬ ಬಗ್ಗೆ ಸಂಶಯ ಬರುತ್ತಿರಲಿಲ್ಲ. ಕೆಳಗಿಳಿಸಿ ಗೋಡೆಗೆ ಒರಗಿಸಿದ ಮೇಲೆ ನೋಡಿದಾಗ ಅದೇ ಅದರ ದೊಡ್ಡ ದೋಷವೆಂದು ನನಗೆ ತೋರಿತು. ಎಲ್ಲ ಬಾಯಿಬಿಟ್ಟು ಹೇಳುವ ಬೋರ್ಡಿಗೆ ಘನತೆ ಎಲ್ಲಿಂದ ಬರಬೇಕು?

ಹೊಸ ಬೋರ್ಡಿನ ಕೆಲಸವನ್ನು ತನ್ನ ತಂಗಿಗೆ ಕೊಡುವಂತೆ ನನ್ನ ಹೆಂಡತಿ ಹೇಳಿದಳು. ನನ್ನ ನಾದಿನಿ ಡಿಸೈನರ್. ಅದನ್ನೇ ಓದಿ, ದೊಡ್ಡ ಕಂಪನಿಯಲ್ಲಿ ಅದನ್ನೇ ಮಾಡಿ, ಸಾಕೆನಿಸಿ ಬಿಟ್ಟು, ನಮ್ಮ ಬೀದಿಯ ಮೂಲೆ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಸ್ವಂತ ಕಚೇರಿ ತೆರೆದಿದ್ದಳು. ಅದಕ್ಕಾಗಿ ತನ್ನ ಉಳಿತಾಯವನ್ನೆಲ್ಲ ಸುರಿದಿದ್ದಾಳೆಂದು ಹೆಂಡತಿ ಆಗಾಗ ನನ್ನ ಕಿವಿಗೆ ಹಾಕುತ್ತಿದ್ದಳು. ನಾನು ಒಪ್ಪಿದೆ.

ನಾದಿನಿ ಬಂದಳು. ಬಂದವಳು ಚಿತ್ರ ಬರೆಯಲಿಲ್ಲ. ಸ್ಟೂಲು ಹಾಕಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತು, ಬರುವವರನ್ನೂ ಹೋಗುವವರನ್ನೂ ನೋಡಿದಳು. ರಸ್ತೆಯ ಆಚೆ ಬದಿಗೆ ಹೋಗಿ ಅಲ್ಲಿಂದ ನೋಡಿದಳು. ಬಸ್ಸಿನಲ್ಲಿ ಕೂತು ಹೋಗುವವರಿಗೆ ಅಂಗಡಿ ಎಷ್ಟು ಹೊತ್ತು ಕಾಣುತ್ತದೆಂದು ತಿಳಿಯಲು ಬಸ್ಸು ಹತ್ತಿ ಹೋಗಿಬಂದಳು. ಕೊನೆಗೆ ನನ್ನೆದುರು ನಿಂತು ಕೇಳಿದಳು.

“ಭಾವ, ನಿಮ್ಮಂಗಡಿಗೆ ಯಾರು ಬರ್ತಾರೆ?”

“ನಿದ್ದೆ ಬರದೇ ಇರೋರು.”

“ಅವರಿಗೆ ದೂರದಿಂದ ಏನು ಕಂಡರೆ ಒಳಗೆ ಬರ್ತಾರೆ?”

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅಂಗಡಿಯ ಮಾಲೀಕನಿಗೆ ಕೇಳುವುದು ಒಳ್ಳೆಯ ನಡತೆಯಲ್ಲ ಎಂದುಕೊಂಡೆ. ಆಮೇಲೆ ಅವಳು, ನೀವು ಭಾವ ಆದ್ದರಿಂದ ಶುಲ್ಕದಲ್ಲಿ ಅರ್ಧ ಬಿಟ್ಟಿದ್ದೇನೆ, ಉಳಿದರ್ಧದಲ್ಲಿ ಸ್ವಲ್ಪ ಮುಂಗಡ ಕೊಡಿ ಎಂದಳು. ನನಗೆ ನೋವಾಯಿತು. ಹೊರಗಿನವರು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿದೆ. ಮದ್ದಾದರೂ ಅದಕ್ಕೆ ದುಡ್ಡು ಕೊಡುವ ವಾಡಿಕೆ ನಮ್ಮಲ್ಲಿಲ್ಲ. ಸ್ಟೂಲಿನ ಮೇಲೆ ಕೂತು ನೋಡುವುದನ್ನು ನಾನು ಇಷ್ಟು ವರ್ಷಗಳಿಂದ ಪುಕ್ಕಟೆಯಾಗಿ ಮಾಡುತ್ತಿದ್ದೇನೆ, ಯೋಚಿಸಿ ಹೇಳುತ್ತೇನೆ ಎಂದೆ.

ಯೋಚಿಸುತ್ತಿರುವಾಗ ಫೋನಿನಲ್ಲಿ ಒಂದು ಆ್ಯಪ್ ಸಿಕ್ಕಿತು. ‘ನೀವೇ ನಿಮ್ಮ ಡಿಸೈನರ್’ ಎಂದು ಅದು ನನ್ನನ್ನು ಸಂಬೋಧಿಸಿತು. ಉಚಿತವೆಂದು ಎರಡು ಬಾರಿ ಹೇಳಿತು. ನಿಮ್ಮ ಉದ್ಯಮದ ಜೀವಾಳವೇನು, ವಿಶ್ವಾಸವೋ, ಬೆಳವಣಿಗೆಯೋ, ನೆಮ್ಮದಿಯೋ ಎಂದು ಕೇಳಿತು. ಮನೆಯಲ್ಲೂ ನನ್ನನ್ನು ಯಾರೂ ಇಷ್ಟು ಗೌರವದಿಂದ ಕೇಳಿದವರಿಲ್ಲ. ನೆಮ್ಮದಿ ಎಂದು ಒತ್ತಿದೆ. ಬಹಳಷ್ಟು ಚಿತ್ರಗಳು ಬಂದವು. ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಚಿಕ್ಕ ಬೀಗದ ಗುರುತಿತ್ತು, ಅಂದರೆ ದುಡ್ಡು ಕೊಡಬೇಕು. ಬೀಗವಿಲ್ಲದ ಆ ಒಂದೇ ಚಿತ್ರ, ದುಂಡನೆಯ ಗೆರೆಯೊಳಗೆ ಒಂದು ಹಸಿರೆಲೆ. ನೋಡಿದ ಕೂಡಲೇ ಇದೇ ನನಗೆ ಬೇಕಾಗಿದ್ದದ್ದು ಎಂದು ಹೊಳೆಯಿತು. ಹೆಸರನ್ನೂ ಅದೇ ಸೂಚಿಸಿತು: ‘ಹಸಿರೆಲೆ ಕಂಫರ್ಟ್’. ಹಾಸಿಗೆ ಎಂಬ ಮಾತು ಅದರಲ್ಲೆಲ್ಲೂ ಇರಲಿಲ್ಲ, ಆದ್ದರಿಂದ ಬಹಳ ಗಂಭೀರವಾಗಿತ್ತು. ಅಕ್ಷರಗಳು ಕೂದಲೆಳೆಯಷ್ಟು ತೆಳು, ಬೂದಿ ಬಣ್ಣದ ಮೇಲೆ ಬೂದಿ ಬಣ್ಣ. ತಂದಿಟ್ಟ ಚಹಾ ಆರುವ ಮೊದಲೇ ಬೋರ್ಡು ಸಿದ್ಧವಾಗಿತ್ತು. ಇಷ್ಟು ವರ್ಷ ನನ್ನೊಳಗೆ ಒಬ್ಬ ಕಲಾವಿದ ಹತ್ತಿಯ ಕೆಳಗೆ ಸಿಕ್ಕಿಕೊಂಡಿದ್ದನೆಂದು ಆಗ ತಿಳಿಯಿತು.

ಹೆಂಡತಿಗೆ ತೋರಿಸಿದೆ. ಸೊಪ್ಪು ಮಾರುವ ಯೋಚನೆ ಇದೆಯೇ ಎಂದು ಕೇಳಿದಳು. ಎಲೆ ಎಂದರೆ ಪ್ರಕೃತಿ, ಪ್ರಕೃತಿ ಎಂದರೆ ಶಾಂತಿ, ಶಾಂತಿ ಎಂದರೆ ನಿದ್ದೆ ಎಂದು ವಿವರಿಸಿದೆ. ಹಾಗಾದರೆ ಜನ ಎಲೆಯಿಂದ ಹೊರಟು ನಿದ್ದೆಯವರೆಗೆ ನಡೆದುಕೊಂಡು ಬರಬೇಕಾ, ಅಷ್ಟರಲ್ಲಿ ಬೆಳಗಾಗುತ್ತೆ ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದೂ ಸೇರಿಸಿದಳು. ನಾದಿನಿ ಮಾತ್ರ ಬಹಳ ಹೊತ್ತು ನೋಡಿ, “ಭಾವ, ಕೆಳಗಡೆ ಏನೋ ಅಳಿಸೋದು ಮರೆತಿದ್ದೀರ,” ಎಂದಳು.

ಎಲೆಯ ಕೆಳಗೆ ‘ನಿಮ್ಮ ಘೋಷವಾಕ್ಯ ಇಲ್ಲಿ’ ಎಂದಿತ್ತು. ಅದನ್ನು ತೆಗೆಯಲು ದುಡ್ಡು ಕೊಡಬೇಕಿತ್ತು. ಗ್ರಾಹಕರೇ ತಮ್ಮ ತಮ್ಮ ಘೋಷವಾಕ್ಯ ಊಹಿಸಿಕೊಳ್ಳಲೆಂದು ಬೇಕೆಂದೇ ಬಿಟ್ಟಿದ್ದೇನೆ ಎಂದೆ. ಅವಳು ತಲೆ ಆಡಿಸಿ ಹೋದಳು. ಅವತ್ತಿನಿಂದ ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ತೀರ ಅಗತ್ಯವಾದದ್ದನ್ನು ನನಗೆ ಕೇಳಿಸುವಂತೆ ಗೋಡೆಗೆ ಹೇಳುತ್ತಿದ್ದಳು.

ಸಂಘದ ಸಭೆಯಲ್ಲಿ ನನ್ನ ಕೃತಿಯನ್ನು ಪ್ರದರ್ಶಿಸಿದೆ. ಅಧ್ಯಕ್ಷರು ಕಬ್ಬಿಣದ ಸಾಮಾನಿನ ಅಂಗಡಿಯವರು, ಒಂದು ಮೊಳೆ ಕೇಳಿದರೆ ಒಂದೇ ಮೊಳೆ ಕೊಡುವವರು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ಅವರು ‘ಸ್ವಾವಲಂಬನೆ’ ಎಂಬ ಒಂದೇ ಪದದಲ್ಲಿ ಹೇಳಿದರು. ಪ್ರತಿಯೊಬ್ಬ ಸದಸ್ಯನೂ ತನ್ನ ಬೋರ್ಡನ್ನು ತಾನೇ ವಿನ್ಯಾಸ ಮಾಡಿಕೊಳ್ಳತಕ್ಕದ್ದೆಂದೂ, ಹಣ ಕೊಟ್ಟು ಮಾಡಿಸುವುದು ಆತ್ಮಗೌರವಕ್ಕೆ ಕುಂದೆಂದೂ ನಿರ್ಣಯವಾಯಿತು. ತರಬೇತಿ ಕೊಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ಎಲ್ಲರಿಗೂ ಹೇಳಿಕೊಟ್ಟದ್ದು ಒಂದೇ ಮಾತು: ಬೀಗ ಇರುವುದನ್ನು ಒತ್ತಬೇಡಿ.

ಒಬ್ಬೊಬ್ಬರೂ ತಮ್ಮ ಬೋರ್ಡನ್ನು ಗುಟ್ಟಾಗಿ ಮಾಡಿಸಿ, ಬಟ್ಟೆ ಮುಚ್ಚಿ ತೂಗುಹಾಕಿದರು. ನಿಗದಿತ ಬೆಳಿಗ್ಗೆ ಅಧ್ಯಕ್ಷರು ಸೀಟಿ ಊದಿದರು. ಬಟ್ಟೆಗಳು ಒಟ್ಟಿಗೆ ಸರಿದವು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎರಡೂ ಬದಿಗೆ ದುಂಡನೆಯ ಗೆರೆಯೊಳಗೆ ಹಸಿರೆಲೆ. ಅಧ್ಯಕ್ಷರು ಬೆಳವಣಿಗೆ ಎಂದು ಒತ್ತಿದ್ದರು, ಎಲೆ ಬಂದಿತ್ತು. ದಂತವೈದ್ಯರು ವಿಶ್ವಾಸ ಎಂದು ಒತ್ತಿದ್ದರು, ಎಲೆ ಬಂದಿತ್ತು. ಹಸಿರೆಲೆ ಕೇರ್, ಹಸಿರೆಲೆ ಸೊಲ್ಯೂಷನ್ಸ್, ಹಸಿರೆಲೆ ಲೈಫ್, ಹಸಿರೆಲೆ ಪ್ಲಸ್. ಪ್ರತಿಯೊಂದರ ಕೆಳಗೂ ನಿಮ್ಮ ಘೋಷವಾಕ್ಯ ಇಲ್ಲಿ. ಗಾಜಿನ ಬಾಗಿಲುಗಳಿಗೂ ಅದೇ ಎಲೆಯನ್ನು ಅಂಟಿಸಿದ್ದರಿಂದ ಒಳಗೇನಿದೆ ಎಂದು ಇಣುಕಿ ನೋಡುವ ಅವಕಾಶವೂ ಇರಲಿಲ್ಲ.

ಮಹಡಿಯ ಕಿಟಕಿಯಲ್ಲಿ ನಾದಿನಿ ನಿಂತಿದ್ದಳು. ಅವಳು ನಗಬಹುದೆಂದು ಸಿದ್ಧನಾಗಿದ್ದೆ. ನಗಲಿಲ್ಲ, ಕಿಟಕಿ ಹಾಕಿಕೊಂಡಳು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, ಒಗ್ಗಟ್ಟು ಅಂದರೆ ಇದು ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಮೊದಲ ರೋಗಿ ನನ್ನ ಅಂಗಡಿಗೇ ಬಂದರು. ಕೆನ್ನೆ ಊದಿತ್ತು. ಬಂದವರೇ ನನ್ನ ಒಳ್ಳೆಯ ಹಾಸಿಗೆಯ ಮೇಲೆ ಮಲಗಿ ಬಾಯಿ ತೆರೆದರು. ಗ್ರಾಹಕರು ಹಾಸಿಗೆಯನ್ನು ಮಲಗಿ ನೋಡುವುದು ನಮ್ಮಲ್ಲಿ ಇದ್ದದ್ದೇ. ಬಾಯಿ ತೆರೆಯುವುದನ್ನು ಅವರ ಆರಾಮದ ಲಕ್ಷಣವೆಂದು ತಿಳಿದೆ. ಗಟ್ಟಿ ಬೇಕೋ ಮೆತ್ತಗೆ ಬೇಕೋ ಎಂದು ಕೇಳಿದೆ. ಗಟ್ಟಿಯಾದದ್ದು ಕಚ್ಚಲಿಕ್ಕಾಗುತ್ತಿಲ್ಲ ಎಂದರು. ನನಗೆ ವಿಷಯ ಅರ್ಥವಾಗುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಸಾಯಂಕಾಲ ಎದ್ದು, ಇಷ್ಟು ನೋವಿಲ್ಲದ ಚಿಕಿತ್ಸೆಯನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಕೈಮುಗಿದು ಹೋದರು.

ದಂತವೈದ್ಯರ ಕಡೆಯೂ ಹೀಗೇ ನಡೆಯಿತು. ಅವರು ಮೆಲುದನಿಯ ಮನುಷ್ಯ, ಬಂದವರ ಮಾತಿಗೆ ಎದುರಾಡುವವರಲ್ಲ. ಕ್ಷೌರಕ್ಕೆಂದು ಹೊರಟವನೊಬ್ಬ ಅವರ ಕುರ್ಚಿಯಲ್ಲಿ ಕೂತ. ತಲೆ ಒರಗಿಸಲು ಜಾಗವಿತ್ತು, ಕೊರಳಿಗೆ ಬಟ್ಟೆ ಕಟ್ಟಿದರು, ಎದುರಿಗೆ ಕನ್ನಡಿ ಇತ್ತು. ಅವನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. “ಹಿಂದೆ ಚೆನ್ನಾಗಿ ತೆಗೀರಿ, ಮುಂದೆ ಹಾಗೇ ಇರಲಿ,” ಎಂದು ಹೇಳಿ ಕಣ್ಣು ಮುಚ್ಚಿದ. ಡಾಕ್ಟರು ಹಿಂದಿನ ಹಲ್ಲುಗಳ ಕೊಳೆಯನ್ನು ಚೆನ್ನಾಗಿ ತೆಗೆದು, ಮುಂದಿನವನ್ನು ಹಾಗೇ ಬಿಟ್ಟರು. ಅವನು ಕನ್ನಡಿಯಲ್ಲಿ ನೋಡಿಕೊಂಡು ಕೂದಲು ಸವರಿ, ಹಗುರ ಅನ್ನಿಸುತ್ತಿದೆ ಎಂದು ಹೇಳಿ ಹೋದ. ಕೇಕ್ ಕೊಳ್ಳಲು ಬಂದ ಅಜ್ಜಿಯೊಬ್ಬರಿಗೆ ಅಧ್ಯಕ್ಷರು ಒಂದು ಚೀಲ ಸಿಮೆಂಟು ಕೊಟ್ಟು, ನೀರು ಕಲಸಿ ಅಚ್ಚಿಗೆ ಹಾಕಿ ರಾತ್ರಿ ಅಲ್ಲಾಡಿಸದೆ ಇಡಲು ಹೇಳಿದರು. ಆ ಮನೆಯಿಂದ ದೂರೇನೂ ಬರಲಿಲ್ಲ. ಮತ್ತೆ ಅವರು ಬರಲೂ ಇಲ್ಲ.

ಆದರೆ ಎಲ್ಲ ಗ್ರಾಹಕರೂ ಇಷ್ಟು ಸಹನಶೀಲರಾಗಿರಲಿಲ್ಲ. ತುರ್ತು ಸಭೆ ಸೇರಿತು. ದಂತವೈದ್ಯರು ನೆಲ ನೋಡುತ್ತ, ಮಹಡಿ ಮೇಲಿನ ಆ ಹುಡುಗಿಯನ್ನೇ ಕೇಳಬಹುದಲ್ಲ, ಅದೇ ಅವರ ಕೆಲಸವಲ್ಲವೇ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕೆಲಸ ಸುಲಭವಾಗಿತ್ತು: ಹೌದು ಎಂದರೆ ಸಾಕು. ಆದರೆ ಹೌದೆಂದು ಮನೆಗೆ ಹೋದರೆ ಗೋಡೆ ನನಗೆ ಏನೇನು ಹೇಳಬಹುದೆಂದು ಕಲ್ಪಿಸಿಕೊಂಡೆ. ಎದ್ದು ನಿಂತು, ಬೋರ್ಡು ಬದಲಿಸುವುದಕ್ಕಿಂತ ಕಸುಬು ಬದಲಿಸುವುದು ಅಗ್ಗ ಎಂದು ಅಂಕಿ ಅಂಶಗಳಿಲ್ಲದೆ ಸಾಧಿಸಿ ತೋರಿಸಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆಗೆ ಮಣ್ಣಾಗಬಾರದಷ್ಟೆ. ಅಧ್ಯಕ್ಷರ ಮೀಸೆ ದೊಡ್ಡದು. ಕೂಡಲೇ ಒಪ್ಪಿದರು. ಮರುದಿನ ಪ್ರತಿ ಬಾಗಿಲಿಗೂ ಈ ಕೆಳಗಿನಂತೆ ಅಂಟಿಸಲಾಯಿತು:

‘ಪ್ರಕಟಣೆ. ಗ್ರಾಹಕರು ತಾವು ಪ್ರವೇಶಿಸಿದ ಅಂಗಡಿಯನ್ನೇ ತಾವು ಅರಸಿ ಬಂದ ಅಂಗಡಿಯೆಂದು ಭಾವಿಸತಕ್ಕದ್ದು. ವರ್ತಕರು ಗ್ರಾಹಕರ ಕೋರಿಕೆಯನ್ನು ತಮ್ಮ ಬಳಿ ಇರುವ ಸಾಮಗ್ರಿಯಿಂದಲೇ ಪೂರೈಸತಕ್ಕದ್ದು. ಸಿಮೆಂಟನ್ನು ತಿನ್ನತಕ್ಕದ್ದಲ್ಲ.’

ಕೊನೆಯ ವಾಕ್ಯವನ್ನು ದಂತವೈದ್ಯರ ಒತ್ತಾಯದ ಮೇರೆಗೆ ಸೇರಿಸಲಾಯಿತು.

ಇಷ್ಟಾಗಿಯೂ ಒಂದು ಅಡಚಣೆ ಉಳಿಯಿತು. ಬೀದಿಯಲ್ಲಿ ಓದಲು ಬರುವ ಬೋರ್ಡು ಒಂದೇ ಒಂದಿತ್ತು, ನಾದಿನಿಯದು. ಬಿಳಿಯ ಹಲಗೆ, ಕಪ್ಪು ಅಕ್ಷರ: ‘ಬೋರ್ಡು ವಿನ್ಯಾಸ ಮಾಡಿಕೊಡುತ್ತೇವೆ. ಮಹಡಿಗೆ ಬನ್ನಿ.’ ದಾರಿ ತಪ್ಪಿದವರೆಲ್ಲ ಅದೊಂದನ್ನು ಓದಿ ಮಹಡಿಗೆ ಹೋಗತೊಡಗಿದರು. ಡಾಕ್ಟರು ಎಲ್ಲಿ, ಬೇಕರಿ ಎಲ್ಲಿ ಎಂದು ಅವಳನ್ನು ಕೇಳುವರು. ಅವಳು ಕಿಟಕಿಯಿಂದ ಕೈ ಚಾಚಿ ತೋರಿಸುವಳು. ಮೆಟ್ಟಿಲ ಮೇಲೆ ಸಾಲು ನಿಲ್ಲತೊಡಗಿತು. ಇದು ನಿಯಮಾವಳಿಗೆ ನೇರ ಧಕ್ಕೆ. ಬೀದಿಯ ಏಕರೂಪತೆಗೆ ಭಂಗ ತರುವ ಬೋರ್ಡನ್ನು ತೆರವುಗೊಳಿಸಬೇಕೆಂದು ನೋಟಿಸು ಕೊಡಲು ತೀರ್ಮಾನವಾಯಿತು. ಕೊಡುವವನು ಕಾರ್ಯದರ್ಶಿ.

ನೋಟಿಸನ್ನು ಆ್ಯಪ್‌ನಲ್ಲೇ ತಯಾರಿಸಿದೆ. ಮೆಟ್ಟಿಲ ಮೇಲೆ ಸಾಲಿನಲ್ಲಿ ನಿಂತೆ. ನನ್ನ ಹಿಂದಿದ್ದ ಹೆಂಗಸು ನಿಮಗೆ ಎಲ್ಲಿಗೆ ಹೋಗಬೇಕು ಎಂದು ವಿಚಾರಿಸಿದರು. ಇಲ್ಲಿಗೇ ಎಂದಾಗ ಕನಿಕರದಿಂದ ನೋಡಿದರು. ನನ್ನ ಸರದಿ ಬಂದಾಗ ನಾದಿನಿ ಕಾಗದವನ್ನು ಹಿಡಿದು ತಿರುಗಿಸಿ ನೋಡಿದಳು.

“ಇದೇನು ಭಾವ, ಶುಭಾಶಯ ಪತ್ರನಾ?”

“ನೋಟಿಸು.”

“ಹಾಗಂತ ಎಲ್ಲಾದರೂ ಬರೀಬೇಕಲ್ವಾ?”

ಎಲೆಯನ್ನು ಹೊಡೆದುಹಾಕಿ, ಮೇಲ್ಗಡೆ ನೋಟಿಸು ಎಂದು ದಪ್ಪಗೆ ಬರೆದು, ನನ್ನ ಎರಡು ಕಾಗುಣಿತದ ತಪ್ಪು ತಿದ್ದಿ, ತನ್ನ ಹೆಸರಿಗೆ ತಾನೇ ಜಾಗ ಮಾಡಿ ಸಹಿ ಹಾಕಿ ಕೊಟ್ಟಳು. ಈಗ ಅದನ್ನು ಓದಿದರೆ ನನಗೇ ಭಯವಾಗುವಂತಿತ್ತು. ಕೋಣೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ತನ್ನ ಸಾಮಾನು ತುಂಬಿ ಕಟ್ಟಿಟ್ಟಿದ್ದಳು. ಬೋರ್ಡನ್ನು ಇವತ್ತೇ ಇಳಿಸಿಕೊಂಡು ಹೋಗಿ ಎಂದಳು. “ಬಂದಾಗಿನಿಂದ ಒಬ್ಬರೂ ಕೆಲಸ ಕೊಡೋಕೆ ಮೆಟ್ಟಿಲು ಹತ್ತಿಲ್ಲ ಭಾವ. ಎಲ್ಲ ದಾರಿ ಕೇಳೋರೇ. ಬೇರೆ ಊರು ನೋಡ್ಕೋತೀನಿ.”

ಹೋಗಬೇಡ ಎನ್ನುವುದು ಕಾರ್ಯದರ್ಶಿಯ ಕರ್ತವ್ಯಗಳಲ್ಲಿ ಸೇರಿರಲಿಲ್ಲವಾದ್ದರಿಂದ ನೋಟಿಸನ್ನು ಮಡಚಿ ಜೇಬಿಗಿಟ್ಟು ಕೆಳಗಿಳಿದೆ. ಬೋರ್ಡನ್ನು ನಾನೇ ಬಿಚ್ಚಿದೆ. ಸಂಜೆ ಮನೆಯಲ್ಲಿ ಹೆಂಡತಿ ಗೋಡೆಗೂ ಏನೂ ಹೇಳಲಿಲ್ಲ.

ಮಾರನೆಯ ದಿನ ಬೀದಿಯಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಜನ ಒಂದು ಎಲೆಯಿಂದ ಇನ್ನೊಂದು ಎಲೆಗೆ ಅಲೆದು, ಸುಸ್ತಾಗಿ ಬೇರೆ ಬೀದಿಗೆ ಹೋದರು. ಬೇಕರಿಯವನಿಗೆ ಹಿಟ್ಟು ತರುವ ಗಾಡಿ ಹಿಟ್ಟನ್ನು ಸಿಮೆಂಟಿನ ಪಕ್ಕ ಇಳಿಸಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರೇ ಕಾಣೆಯಾಗಿದ್ದಾರೆಂದು ಗೊತ್ತಾಯಿತು. ಹುಡುಕಿದಾಗ ದಂತವೈದ್ಯರ ಕೋಣೆಯಲ್ಲಿ ಕೂತಿದ್ದರು. ಬೆಳಿಗ್ಗೆಯಿಂದ ಅದನ್ನೇ ತಮ್ಮ ಅಂಗಡಿ ಎಂದುಕೊಂಡು, ಇಕ್ಕಳಗಳನ್ನು ಒಳ್ಳೆಯ ಬೆಲೆಗೆ ಮಾರಿ ಮುಗಿಸಿದ್ದರು. ಡಾಕ್ಟರು ಎದುರಿನ ಬೆಂಚಿನ ಮೇಲೆ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಎದ್ದು ಹೋಗಿ ಎನ್ನಲು ನಿಯಮ ಅಡ್ಡಬರುತ್ತದೆ ಎಂದರು.

ಅಂದೇ ಸಂಘದ ಪೂರ್ಣ ಸಭೆ ಮಹಡಿಗೆ ಹೋಯಿತು. ಪೆಟ್ಟಿಗೆಗಳು ಬಾಗಿಲವರೆಗೆ ಬಂದಿದ್ದವು. ಹೋಗಬೇಡಿ ಎಂದು ಅಧ್ಯಕ್ಷರು ಕೇಳಿಕೊಂಡರು. ಹಾಗಾದರೆ ಬೋರ್ಡುಗಳನ್ನು ನಾನು ಮಾಡಿಕೊಡಲೇ ಎಂದು ಅವಳು ಕೇಳಿದಳು. ಎಲ್ಲರೂ ಗಾಬರಿಯಾದರು. ಅದಕ್ಕೆ ಖರ್ಚಾಗುತ್ತದೆ, ಮೇಲಾಗಿ ನಿರ್ಣಯವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ ಎಂದು ಅಧ್ಯಕ್ಷರು ವಿವರಿಸಿದರು. ಸಂಘ ಬೇರೊಂದು ಹುದ್ದೆಯನ್ನು ಸೃಷ್ಟಿಸಿತ್ತು: ಮಾರ್ಗದರ್ಶನಾಧಿಕಾರಿ. ಬೀದಿಯ ಬಾಯಲ್ಲಿ ಮೇಜು ಹಾಕಿಕೊಂಡು ಕೂತು, ಬಂದವರಿಗೆ ಯಾವ ಎಲೆಯ ಹಿಂದೆ ಏನಿದೆ ಎಂದು ಬೆರಳು ತೋರಿಸುವುದು. ಪ್ರತಿ ಅಂಗಡಿಯೂ ತಿಂಗಳು ತಿಂಗಳು ಸಂಬಳಕ್ಕೆ ಪಾಲು ಹಾಕುವುದು. ಅವಳು ಮೊದಲು ಕೇಳಿದ್ದ ಶುಲ್ಕ ಇದರ ಮುಂದೆ ಏನೂ ಅಲ್ಲವೆಂಬುದನ್ನು ಯಾರೂ ಬಾಯಲ್ಲಿ ಲೆಕ್ಕ ಹಾಕಲಿಲ್ಲ. ಷರತ್ತು ಒಂದೇ: ಅಧಿಕಾರಾವಧಿಯಲ್ಲಿ ಯಾವುದೇ ವಿನ್ಯಾಸ ಮಾಡತಕ್ಕದ್ದಲ್ಲ.

ನಾದಿನಿ ಪೆಟ್ಟಿಗೆಯ ಮೇಲೆ ಕೂತು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು. ಮುಂಗಡ ಬೇಕು ಎಂದಳು. ಎಲ್ಲರಿಗಿಂತ ಮೊದಲು ಜೇಬಿಗೆ ಕೈ ಹಾಕಿದವನು ನಾನು. ಅವಳು ಅದನ್ನು ನನ್ನ ಎದುರೇ ಎರಡು ಬಾರಿ ಎಣಿಸಿದಳು.

ಈಗ ನಮ್ಮ ಬೀದಿಯ ವ್ಯಾಪಾರ ಚೆನ್ನಾಗಿದೆ. ನಾದಿನಿಗೆ ಬಣ್ಣದ ಕೊಡೆ, ತಿರುಗುವ ಕುರ್ಚಿ, ಕೈಕೆಳಗೆ ಇಬ್ಬರು ಸಹಾಯಕಿಯರಿದ್ದಾರೆ. ಬೇರೆ ಬೀದಿಗಳವರೂ ಹಳೆಯ ಬೋರ್ಡು ಇಳಿಸಿ ಎಲೆ ಹಾಕಿ, ಅಂಥದೇ ಹುದ್ದೆಗೆ ಜನ ಹುಡುಕುತ್ತಿದ್ದಾರೆಂದು ಕೇಳಿದ್ದೇನೆ. ಅವಳ ಬೆರಳನ್ನು ಮೀರಿ ತಪ್ಪಿ ಬರುವವರೂ ಇದ್ದಾರೆ. ಅವರಲ್ಲಿ ಅನೇಕರು ತಪ್ಪಿ ಬಂದವರಲ್ಲ. ಡಾಕ್ಟರ ಹತ್ತಿರ ಕ್ಷೌರ ಚೆನ್ನಾಗಿರುತ್ತದೆ, ಹಲ್ಲಿಗೆ ಹಾಸಿಗೆಯವರೇ ವಾಸಿ ಎಂದು ಕೇಳಿಕೊಂಡೇ ಬರುತ್ತಾರೆ.

ಮೊನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವಳು ನನ್ನ ಹೆಂಡತಿ. ದವಡೆಗೆ ಕೈ ಒತ್ತಿಕೊಂಡಿದ್ದಳು. ತಂಗಿ ಡಾಕ್ಟರ ಬಾಗಿಲನ್ನು ಸರಿಯಾಗಿಯೇ ತೋರಿಸಿದ್ದಳಂತೆ. ಅಲ್ಲಿ ನಾಲ್ಕು ತಲೆ ಬಾಕಿ ಇದ್ದವಂತೆ. ಇಷ್ಟನ್ನು ಅವಳು ಹಾಸಿಗೆಯ ರಾಶಿಗೆ ಹೇಳಿದಳು. ನಾನು ಹೊಸ ಹೊದಿಕೆ ಹಾಸಿಕೊಟ್ಟೆ. ಮಲಗಿದಳು. ಸ್ವಲ್ಪ ಹೊತ್ತು ಮೇಲಿನ ಫ್ಯಾನು ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ತಿಂಗಳಾದ ಮೇಲೆ ಬಾಯಿ ಬಿಟ್ಟಳು.

ಟಾರ್ಚು ಹಿಡಿದು ನೋಡಿದೆ. ಹಲ್ಲುಗಳಿದ್ದವು.

“ಹಿಂದಿನದು ಅಲ್ವಾ?” ಎಂದೆ.

“ಅದೇ, ಎಡಗಡೇದು. ನಿಮಗೆ ಗೊತ್ತಾಗುತ್ತೆ ಬಿಡಿ, ಎಷ್ಟು ಜನರನ್ನ ನೋಡಿದ್ದೀರ,” ಎಂದಳು.

ಗಾಬರಿಪಡುವಂಥದ್ದೇನಿಲ್ಲ ಎಂದು ಹೇಳಿ, ತಲೆಯ ಕೆಳಗೆ ಮೆತ್ತನೆಯ ದಿಂಬು ಕೊಟ್ಟು, ಬಿಸಿಲು ಬೀಳದ ಹಾಗೆ ಪರದೆ ಎಳೆದೆ. ಅವಳಿಗೆ ಒಳ್ಳೆಯ ನಿದ್ದೆ ಬಂತು. ಎದ್ದ ಮೇಲೆ ನೋವು ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದಳು.

ಉಳಿದರ್ಧಕ್ಕೆ ಬುಧವಾರ ಬರಲು ಹೇಳಿದೆ. ಬರ್ತೀನಿ ಎಂದಳು.